ಅಂಟು ಕೊಟ್ಟು ಉಳಿದವರು

ಭದ್ರಾವತಿ
೧೧ ಫೆಬ್ರವರಿ ೨೦೨೫

ಪ್ರೀತಿಯ ಮಗ ಶಿವುಗೆ,

ಹೇಗಿದ್ದೀಯಪ್ಪ? ಕೆಮ್ಮು ನಿಂತಿತೇ? ಹೋದ ವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಸಿಗುವ ಹತ್ತು ನಿಮಿಷದಲ್ಲಿ ಏಳು ನಿಮಿಷ ನಿನ್ನಮ್ಮ ಅಳುತ್ತಾಳೆ, ಉಳಿದದ್ದರಲ್ಲಿ ಇಂಪನಾ ಮಾರ್ಕ್ಸ್ ಹೇಳುತ್ತಾಳೆ, ನನ್ನ ಸರದಿ ಬರುವಷ್ಟರಲ್ಲಿ ಲೈನು ಕಟ್. ಅದಕ್ಕೇ ಈ ಕಾಗದ. ನನ್ನ ಮಂಡಿ ಇದ್ದ ಹಾಗೇ ಇದೆ. ನಿನ್ನಮ್ಮನಿಗೆ ಬಿಪಿ ಮಾತ್ರೆ ಒಂದಿದ್ದದ್ದು ಎರಡಾಗಿದೆ. ಸೊಸೆ ಸಂಧ್ಯಾ ಮೊದಲಿನ ಹಾಗೇ ದಿನಾ ಶಿವಮೊಗ್ಗದ ಬಸ್ಸು ಹಿಡಿದು ರವೀಂದ್ರನಗರದ ಸ್ಕೂಲಿಗೆ ಪಾಠ ಹೇಳಲು ಹೋಗಿಬರುತ್ತಾಳೆ. ಅವಳು ನಕ್ಕಿದ್ದನ್ನು ನೋಡಿ ಬಹಳ ದಿನವಾಯಿತು. ಇಂಪನಾಳ ಕ್ಲಾಸಿನವರೆಲ್ಲ ಸಕ್ರೆಬೈಲಿಗೆ ಆನೆ ನೋಡಲು ಹೋದರು, ಇವಳು ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದಳು. ಯಾರೋ ಹುಡುಗಿ ನಿಮ್ಮಪ್ಪ ಯಾವ ಜೈಲಲ್ಲಿದಾರೆ ಎಂದು ಕೇಳಿದ್ದಳಂತೆ.

ನಿನ್ನ ಹಡಗಿನ ತಳದಲ್ಲಿ ಕಳ್ಳ ಸಿಗರೇಟಿನ ಪೆಟ್ಟಿಗೆಗಳು ಸಿಕ್ಕಿ ಹದಿನಾಲ್ಕು ತಿಂಗಳಾಯಿತು. ತುಂಬಿಸಿದವನು ಕ್ಯಾಪ್ಟನ್, ತಪ್ಪಿಸಿಕೊಂಡವನೂ ಅವನೇ. ಇಂಜಿನ್ ರೂಮಿನಲ್ಲಿ ಎಣ್ಣೆ ಒರೆಸಿಕೊಂಡಿದ್ದ ಫಿಟ್ಟರ್ ನೀನು ಒಳಗೆ. ಇದು ನಮಗೆ ಗೊತ್ತು, ನಿನ್ನ ವಕೀಲೆಗೂ ಗೊತ್ತು. ತಪ್ಪು ಒಪ್ಪಿಕೊಂಡು ಮಾರ್ಚ್ ಇಪ್ಪತ್ತರೊಳಗೆ ಸಹಿ ಮಾಡಿದರೆ ಈ ದೀಪಾವಳಿಯ ಹೊತ್ತಿಗೆ ಮನೆಗೆ ಬರಬಹುದು, ಇಲ್ಲದಿದ್ದರೆ ಕೋರ್ಟು ಹನ್ನೆರಡು ವರ್ಷ ಕೊಟ್ಟರೂ ಕೊಟ್ಟೀತು ಎಂದು ಆಕೆ ಸಂಧ್ಯಾಳಿಗೆ ಬಿಡಿಸಿ ಹೇಳಿದ್ದಾಳೆ. ನೀನು ಮಾತ್ರ, "ನಮ್ಮಪ್ಪ ಸೈನ್ ಮಾಡ್ಲಿಲ್ಲ, ನಾನ್ ಮಾಡ್ತೀನಾ" ಎಂದೆಯಂತೆ. ಸಂಧ್ಯಾ ಅದನ್ನು ನನ್ನ ಮುಖ ನೋಡದೆ ಹೇಳಿದಳು.

ಮಾಚೇನಹಳ್ಳಿ ಫೌಂಡ್ರಿಯ ಆ ಕತೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ. ಅಚ್ಚು ಒಡೆದು ಎರಕ ಹಾಳಾದದ್ದು ನಿನ್ನಿಂದ ಎಂದು ಬರೆದುಕೊಡು ಅಂದರು, ನನ್ನ ತಪ್ಪಲ್ಲ ಎಂದು ಪೆನ್ನು ಮೇಜಿನ ಮೇಲಿಟ್ಟು ಎದ್ದುಬಂದೆ, ಎಂಟು ತಿಂಗಳು ಮನೆಯಲ್ಲಿ ಕೂತೆ, ಕಡೆಗೆ ಅವರೇ ಕರೆಸಿಕೊಂಡರು ಎನ್ನುವ ಕತೆ. ನೀನು ಹೈಸ್ಕೂಲಿನ ಭಾಷಣದಲ್ಲೂ ಅದನ್ನೇ ಹೇಳಿ ಬಹುಮಾನ ತಂದೆ. ಆ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ನಿನ್ನನ್ನು ಇಟ್ಟುಕೊಂಡಿರುವ ನೆಲ ಎಂಥದ್ದು ಎಂದು ತಿಳಿಯದೆ ನನಗೆ ನಿದ್ದೆ ಬರುವುದಿಲ್ಲ. ಇಂಪನಾ ಗ್ರೀಸಿನ ಆ ಖಿಯೊಸ್ ದ್ವೀಪದ ಚರಿತ್ರೆಯನ್ನು ಫೋನಿನಲ್ಲೇ ಕನ್ನಡಕ್ಕೆ ಮಾಡಿ, ಪ್ರಿಂಟ್ ಹಾಕಿಸಿ ಕೊಟ್ಟಿದ್ದಾಳೆ. ಪೇಪರ್ ಓದುವುದು ಬಿಟ್ಟು ಅದನ್ನೇ ಓದುತ್ತೇನೆ. ಒಬ್ಬರಾದ ಮೇಲೆ ಒಬ್ಬರು ಅದನ್ನು ಆಳಿದ್ದೇ ಆಳಿದ್ದು ಮಾರಾಯ. ಪರ್ಷಿಯದವರು, ಅಥೆನ್ಸಿನವರು, ರೋಮಿನವರು. ಆಮೇಲೆ ಇಟಲಿ ಕಡೆಯ ಜಿನೋವಾದವರು ಬಂದು, ಇನ್ನೂರು ವರ್ಷ ಒಂದು ವ್ಯಾಪಾರದ ಕಂಪನಿಯೇ ದ್ವೀಪವನ್ನು ನಡೆಸಿತಂತೆ. ಅವರನ್ನು ತೆಗೆದು ತುರ್ಕಿಯ ಸುಲ್ತಾನ ಬಂದ. ನಡುವೆ ವೆನಿಸಿನವರು ಕೆಲವು ತಿಂಗಳು ಕೂತು ಎದ್ದುಹೋದರು. ೧೯೧೨ರಲ್ಲಿ ಗ್ರೀಸಿಗೆ ಸೇರಿತು, ಅದರ ಮೇಲೂ ಜರ್ಮನಿಯವರು ಮೂರು ವರ್ಷ ಇದ್ದರು. ಅಲ್ಲಿ ಹುಟ್ಟಿದವರನ್ನು ನಿಮಗೆ ಯಾರು ಬೇಕು ಎಂದು ಒಬ್ಬರಾದರೂ ಕೇಳಿದ ಹಾಗೆ ಕಾಣೆ.

೧೮೨೨ರ ಪುಟವನ್ನು ಮೂರು ಸಲ ಓದಿದೆ. ಪಕ್ಕದ ದ್ವೀಪದವರು ಬಂದಿಳಿದು ದಂಗೆ ಎಬ್ಬಿಸಿದರು. ಖಿಯೊಸಿನವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿರಲಿಲ್ಲ. ಆದರೂ ಸುಲ್ತಾನನ ಸೈನ್ಯ ಸಾವಿರಾರು ಜನರನ್ನು ಕೊಂದಿತು, ಉಳಿದ ಹೆಂಗಸರು ಮಕ್ಕಳನ್ನು ಸಂತೆಯಲ್ಲಿ ಮಾರಿತು. ಮಾಡದ ತಪ್ಪಿಗೆ. ದಕ್ಷಿಣದ ಕೆಲವು ಹಳ್ಳಿಗಳನ್ನು ಮಾತ್ರ ಮುಟ್ಟಲಿಲ್ಲವಂತೆ. ಅಲ್ಲೊಂದು ಗಿಡದಿಂದ ಅಂಟು ಒಸರುತ್ತದೆ, ಸುಲ್ತಾನನ ಅರಮನೆಗೆ ಅದು ಬೇಕು. ಯಾರು ಬಂದರೂ ತಲೆ ತಗ್ಗಿಸಿ ಅಂಟು ಅಳೆದುಕೊಟ್ಟುಕೊಂಡು ಬಂದವರು ಅವರು. ಮೊದಲ ಸಲ ಓದಿದಾಗ ನನಗೆ ಅಸಹ್ಯವಾಯಿತು. ಮೂರನೇ ಸಲ ಓದುವಾಗ, ಆ ಹಳ್ಳಿಗಳಲ್ಲಿ ಮಕ್ಕಳು ಉಳಿದರು ಎನ್ನುವುದೊಂದೇ ಕಣ್ಣಿಗೆ ಬಿತ್ತು.

ಆ ಅಂಟು ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ ಎಂದರೆ ನಂಬುತ್ತೀಯಾ? "ರೂಮಿ ಮಸ್ತಕಿ ಯಜಮಾನ್ರೇ, ಹೊಟ್ಟೆಗೆ ಒಳ್ಳೇದು" ಎಂದು ಅಂಗಡಿಯವನು ಹಳದಿ ಕಾಳುಗಳನ್ನು ಪೊಟ್ಟಣ ಕಟ್ಟಿಕೊಟ್ಟ. ನಿನ್ನ ಊರಿನದು ಎಂದು ನಿನ್ನಮ್ಮನ ಕೈಗೆ ಹಾಕಿದೆ. "ಯಾವೂರು ರೀ, ಅದು ಅವ್ನೂರಾ?" ಎಂದು ನನ್ನ ಮೇಲೆ ಹರಿಹಾಯ್ದಳು. ಆಮೇಲೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ಮಧ್ಯಾಹ್ನದವರೆಗೂ ಜಗಿಯುತ್ತ ಬಾಗಿಲಲ್ಲಿ ಕೂತಿದ್ದಳು. ಊಟಕ್ಕೆ ಕರೆದರೂ ಬರಲಿಲ್ಲ.

ನನಗೆ ಈಗ ಎಪ್ಪತ್ತೆರಡು. ಮುಂದಿನ ಹನ್ನೆರಡು ವರ್ಷ ನನ್ನ ಪಾಲಿಗಿಲ್ಲ, ನಿನ್ನಮ್ಮನ ಪಾಲಿಗೂ ಇಲ್ಲ. ದೇವರಿಗೆ ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಸತ್ಯ ಗೆಲ್ಲುತ್ತದೆ ಎಂದು ನಿನಗೆ ಹೇಳಿಕೊಟ್ಟವನು ನಾನೇ. ಈಗ ಅದರಲ್ಲಿ ನಂಬಿಕೆ ಉಳಿದಿಲ್ಲ ಶಿವು, ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನಿನ್ನ ವಕೀಲೆಯ ಮಾತು ಕೇಳು ಎಂದಷ್ಟೇ ಹೇಳಬಲ್ಲೆ.

ಹೊತ್ತಿಗೆ ಸರಿಯಾಗಿ ತಿನ್ನು, ತಲೆಗೆ ಬಟ್ಟೆ ಸುತ್ತಿಕೊಂಡು ಮಲಗು. ನಿನ್ನಮ್ಮನ ಆಶೀರ್ವಾದ, ಸಂಧ್ಯಾ ಮತ್ತು ಇಂಪನಾಳ ನೆನಪು, ನನ್ನ ಕೈಲಾದ ಹಾರೈಕೆಯೆಲ್ಲ ನಿನಗೆ.

ನಿನ್ನ ಅಪ್ಪ,
ರಂಗಪ್ಪ

ತಾ.ಕ.: ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಮೇಲಿನದ್ದನ್ನು ಸಂಧ್ಯಾ ಓದಿದ್ದಾಳೆ, ಇದನ್ನು ಓದಿಲ್ಲ. ಫೌಂಡ್ರಿಯವರು ನನ್ನನ್ನು ಕರೆಸಿಕೊಳ್ಳಲಿಲ್ಲ ಶಿವು. ಎಂಟನೇ ತಿಂಗಳಲ್ಲಿ ನಾನೇ ಹೋದೆ. ತಪ್ಪು ನನ್ನದೇ ಎಂದು ಅವರು ಹೇಳಿದ ಹಾಗೆ ಬರೆದು ಸಹಿ ಹಾಕಿ, ಮೇಸ್ತ್ರಿ ಮೂರ್ತಪ್ಪನ ಎದುರು ಗಟ್ಟಿಯಾಗಿ ಓದಿದೆ. ನಿನಗಾಗ ನಾಲ್ಕು ವರ್ಷ, ಹಾಲು ಕೇಳುವುದನ್ನೇ ಬಿಟ್ಟುಬಿಟ್ಟಿದ್ದೆ. ಮನೆಗೆ ಬಂದು ನಿನ್ನಮ್ಮನಿಗೂ ಸುಳ್ಳು ಹೇಳಿದೆ, ಆಮೇಲೆ ನಿನಗೂ ಅದನ್ನೇ ಹೇಳಿದೆ. ನೀನು ಯಾರನ್ನು ನೋಡಿ ಅಲ್ಲಿ ಹಟ ಹಿಡಿದು ಕೂತಿದ್ದೀಯೋ ಅಂಥ ಅಪ್ಪ ನಿನಗೆ ಯಾವತ್ತೂ ಇರಲಿಲ್ಲ. ಕೌಂಟರ್ ಮುಚ್ಚುತ್ತಿದ್ದಾರೆ. ಬಂದ ಮೇಲೆ ನನ್ನನ್ನು ಮಾತಾಡಿಸದಿದ್ದರೂ ಸರಿ, ಸಹಿ ಮಾಡಿ ಬಾ.