ಮುಳ್ಳು ವಾಲಿದ ಬಗೆ

ಕಾಲ್ಡರ್‌ಗೇಟ್ ಸುರಂಗ, ಡರ್ಬಿಶೈರ್
9 ಸೆಪ್ಟೆಂಬರ್ 1859

ಪ್ರೀತಿಯ ರೂಬೆನ್,

ಐರ್ಲೆಂಡಿನಲ್ಲಿ ತಂತಿಕಂಬ ನೆಡುತ್ತ ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೈಯಬೇಡ.

ನಮ್ಮ ಮಗ ಸೈಲಸ್‌ಗೆ ಪೆಟ್ಟೇನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರೈಲು ಸುರಂಗದ ಆ ಬಾಯಿಗೆ ಅವನು ಕಾವಲು, ಈ ಬಾಯಿಗೆ ನಾನು, ನಡುವೆ ನೀನು ಎಳೆದ ತಂತಿ. ನೀನು ಕಲಿಸಿದ ಚಾಳಿ ಅವನಿನ್ನೂ ಬಿಟ್ಟಿಲ್ಲ. ಯಾವ ಸುದ್ದಿ ಕಳಿಸುವ ಮುಂಚೆಯೂ ನನ್ನ ಮುಂದಿನ ತಂತಿಯಂತ್ರದ ಮುಳ್ಳನ್ನು ಎರಡು ಸಲ ಕುಣಿಸುತ್ತಾನೆ, ಇದು ನಾನಮ್ಮ ಅಂತ. ನನ್ನ ನಗು ನೋಡಿ ಸ್ಟೇಷನ್ ಮಾಸ್ತರರು ಗದರುತ್ತಿದ್ದರು.

ಕಳೆದ ಶುಕ್ರವಾರ ಬೆಳಿಗ್ಗೆ ಕಲ್ಲಿದ್ದಲಿನ ಗಾಡಿ ಸುರಂಗದೊಳಗೆ ಹೋಯಿತು. ಮುಳ್ಳು ಎಡಕ್ಕೆ ನಿಂತಿತು, ಅಂದರೆ ದಾರಿ ಖಾಲಿಯಿಲ್ಲ. ಹಿಂದೆಯೇ ಪ್ರಯಾಣಿಕರ ಗಾಡಿ ಬಂತು. ಡ್ರೈವರ್ ಎನಕ್ ತಲೆ ಹೊರಹಾಕಿ, "ಏನಕ್ಕಾ, ನಿನ್ ಮಗ ಅಲ್ಲಿ ಗೊರಕೆ ಹೊಡೀತಿದಾನಾ? ಎಬ್ಸು ಅವನ್ನ" ಅಂತ ಛೇಡಿಸಿದ. ಆಗ ಮುಳ್ಳು ಬಲಕ್ಕೆ ವಾಲಿತು. ದಾರಿ ಖಾಲಿ ಎಂದು ನಾನು ಬಿಳಿ ಬಾವುಟ ಬೀಸಿದೆ.

ಕಲ್ಲಿದ್ದಲಿನ ಗಾಡಿ ಒಳಗೇ ಕೆಟ್ಟು ನಿಂತಿತ್ತು. ಎನಕ್‌ನ ಗಾಡಿ ಹೋಗಿ ಅದಕ್ಕೆ ಗುದ್ದಿತು. ಪ್ರಯಾಣಿಕರೆಲ್ಲ ಉಳಿದರು. ಎನಕ್ ಉಳಿಯಲಿಲ್ಲ. ಅವನ ಹೆಂಡತಿ ಪ್ರೂಡೆನ್ಸ್ ನನ್ನನ್ನೇ ತಬ್ಬಿಕೊಂಡು ಅತ್ತಳು.

ಸೈಲಸ್ "ನಾನು ಮುಟ್ಲೇ ಇಲ್ಲಮ್ಮ" ಅನ್ನುತ್ತಾನೆ. ಅನ್ನುವಾಗ ನೆಲ ನೋಡುತ್ತಾನೆ. ತಪ್ಪು ಅವನದೆಂದಾದರೆ ಜೈಲು. ಆದರೆ ಹಿಂದಿನ ರಾತ್ರಿ ಆಕಾಶವೆಲ್ಲ ಕೆಂಪಾಗಿತ್ತಲ್ಲ, ಅದರ ವಿದ್ಯುತ್ತು ತಂತಿಗಳಿಗೆ ಹರಿದು ಮರುದಿನ ದೇಶದ ತುಂಬ ಮುಳ್ಳುಗಳು ತಾವಾಗಿಯೇ ಅಲ್ಲಾಡಿದವಂತೆ. ಲಂಡನ್ನಿನಿಂದ ಬಂದ ಅಧಿಕಾರಿ ನನ್ನ ಮುಂದೆ ಕೂತು, "ಆಕಾಶದ ಕಾಟ ಆದ್ರೆ ಮುಳ್ಳು ನಿಧಾನವಾಗಿ ತೆವಳತ್ತಮ್ಮ. ಕೈಯಿಂದ ಕಳಿಸಿದ್ರೆ ಪಟ್ ಅಂತ ತಿರುಗತ್ತೆ. ನೋಡಿದೋರು ನೀವೊಬ್ರೇ. ಯಾವ್ದು, ಸೋಮವಾರ ವಿಚಾರಣೆಗೆ ಬಂದು ಹೇಳಿ" ಅಂದ.

ಬೈಬಲ್ ಮುಟ್ಟಿ ಹೇಳಬೇಕು. ಪ್ರೂಡೆನ್ಸ್ ಎದುರಿಗೇ ಕೂತಿರುತ್ತಾಳೆ. ನನಗೆ ಭಯವಾಗುತ್ತಿದೆ, ರೂಬೆನ್. ಕೆಟಲ್ ಸದ್ದಿಗೂ ಬೆಚ್ಚಿಬೀಳುತ್ತೇನೆ. ತೆವಳಿತು ಅನ್ನುತ್ತೇನೆ. ಮಗ ಮನೆಗೆ ಬರುತ್ತಾನೆ.

ಕಂಬ ಹತ್ತುವಾಗ ಹುಷಾರು. ದೇವರು ನಿನ್ನನ್ನು ಕಾಯಲಿ, ನಮ್ಮನ್ನೂ ಕ್ಷಮಿಸಲಿ.

ನಿನ್ನ
ಕೆಜಿಯಾ

ತಾ.ಕ.: ಓದಿದ ಮೇಲೆ ಇದನ್ನು ಒಲೆಗೆ ಹಾಕು. ಎನಕ್ ಛೇಡಿಸುತ್ತಿದ್ದಾಗ ನಾನು ಮುಳ್ಳನ್ನೇ ನೋಡುತ್ತಿದ್ದೆ. ಬಲಕ್ಕೆ ವಾಲುವ ಮುಂಚೆ ಅದು ಎರಡು ಸಲ ಕುಣಿಯಿತು.