ಕಂಪನಿ ಇನ್ನೂ ಹೇಳದ ಮಾತು

ಮಾರ್ಚ್ 11, ಸೋಮವಾರ

ಸ್ಕೂಲ್ ಬಿಟ್ಟು ವರ್ಷದ ಮೇಲಾಯಿತು. ಅಜ್ಜಿಗೆ ಇನ್ನೂ ಹೇಳಿಲ್ಲ. ಅಪ್ಪನಿಗೆ ಗೊತ್ತು, ದೊಡ್ಡಪ್ಪನಿಗೆ ಗೊತ್ತು, ನಮ್ಮ ನಾಜು ಊರಿಗೆಲ್ಲ ಗೊತ್ತು. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತೇನೆ. ಹೋಗುವುದು ಮರಸೇಬು ಪ್ಯಾಕ್ ಮಾಡುವ ಶೆಡ್ಡಿಗೆ. ಯಾರೂ ಓಡಿಸಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ, ಎದ್ದು ಬಂದೆ. ಅಷ್ಟೆ.

ಬೇರೆಯವರು ಸುಳ್ಳು ಹೇಳಿದರೆ ನನಗೆ ಮೈ ಉರಿಯುತ್ತದೆ. ಇದೊಂದು ಮಾತ್ರ ಬಾಯಿಂದ ಹೊರಗೆ ಬರುವುದಿಲ್ಲ. ಯಾಕೆಂದರೆ ಹದಿಮೂರರ ವಯಸ್ಸಿನಲ್ಲಿ ಅಜ್ಜಿ ಜಪಾನಿಗೆ ಹೋದದ್ದೇ ಸ್ಕೂಲಿನ ಆಸೆಗೆ. ಯುದ್ಧದ ಕಾಲ, ಕೊರಿಯಾ ಅವರ ಕೈಲಿತ್ತು. ಜಪಾನಿ ಮೇಷ್ಟ್ರು ಕ್ಲಾಸಿಗೆ ಬಂದು ಹೇಳಿದನಂತೆ — ಫ್ಯಾಕ್ಟರಿಯಲ್ಲಿ ಕೆಲಸ, ಒಳ್ಳೆ ಸಂಬಳ, ಸಂಜೆ ಹೈಸ್ಕೂಲು. ಸಿಕ್ಕಿದ್ದು ಲೇತ್ ಯಂತ್ರ. ಕೈ ಎಟುಕದೆ ಮರದ ಪೆಟ್ಟಿಗೆ ಹತ್ತಿ ನಿಂತು ಯುದ್ಧವಿಮಾನದ ಬೇರಿಂಗ್ ಕಡೆದಳು. ಸ್ಕೂಲೂ ಇಲ್ಲ, ಸಂಬಳವೂ ಇಲ್ಲ.

ಇವತ್ತೂ ಕೇಳಿದಳು. "ಏನು ಕಲಿಸಿದ್ರೇ, ಬೊರಾಮ್?"

"ಗಣಿತ."

ಥೂ.

ಮಾರ್ಚ್ 19

ಪ್ಯೋ ಅಕ್ಕ ಬಂದಿದ್ದಳು. ಅಜ್ಜಿಯಂಥವರ ಕೇಸು ನಡೆಸುವ ಸಂಘದವಳು. ಸೇರಿದಾಗ ಎರಡು ಜಡೆ ಇತ್ತಂತೆ. ಈಗ ಕೂದಲು ಬೆಳ್ಳಗಾಗಿದೆ.

ಅದೇ ಮಾತು. ನಮ್ಮ ಸುಪ್ರೀಂ ಕೋರ್ಟು, ಆ ಫ್ಯಾಕ್ಟರಿಯ ಕಂಪನಿ ಪರಿಹಾರ ಕೊಡಲೇಬೇಕು ಎಂದಿದೆ. ಕಂಪನಿ ಸಮುದ್ರದಾಚೆ ಕೂತು ಒಲ್ಲೆ ಎನ್ನುತ್ತಿದೆ. ಈಗ ನಮ್ಮದೇ ಸರ್ಕಾರದ ಒಂದು ಸಂಸ್ಥೆ, ಅವರ ಬದಲು ನಾವು ಕೊಡುತ್ತೇವೆ, ಒಪ್ಪಿಗೆ ಪತ್ರಕ್ಕೆ ಮುದ್ರೆ ಒತ್ತಿ ಎನ್ನುತ್ತಿದೆ. ಅಜ್ಜಿಯ ಜೊತೆ ಕೇಸು ಹಾಕಿದವರಲ್ಲಿ ಕೆಲವರು ಒತ್ತಿದರು, ಮಿಕ್ಕವರು ಸತ್ತರು. ಒತ್ತದೆ ಉಳಿದವಳು ಇವಳೊಬ್ಬಳೇ.

"ತಗೊಂಡ್ರೂ ತಪ್ಪಿಲ್ಲ ಅಜ್ಜಿ," ಅಂದಳು ಪ್ಯೋ ಅಕ್ಕ. "ನಾನೇನೂ ಅಂದ್ಕೊಳ್ಳಲ್ಲ. ನಿಜವಾಗ್ಲೂ."

"ಕೋಳಿ ಕದ್ದೋನು ಪಕ್ಕದೂರೋನು. ದುಡ್ಡು ಕೊಡೋನು ನನ್ನ ತಮ್ಮ. ಹಂಗಾದ್ರೆ ಕದ್ದೋರೇ ಇಲ್ಲ ಅಂತಾಯ್ತಲ್ಲೇ?"

ಪ್ಯೋ ಅಕ್ಕ ನಕ್ಕಳು. ನಕ್ಕು ಗೋಡೆಗೆ ಒರಗಿ ಅಲ್ಲೇ ನಿದ್ದೆ ಹೋದಳು. ಅಜ್ಜಿ ಅವಳಿಗೆ ಕಂಬಳಿ ಹೊದಿಸಿದಳು.

ಅಜ್ಜಿಗೆ ಬೇಕಾದದ್ದು ಒಂದೇ ಒಂದು ಮಾತು. 'ಈ ಹುಡುಗಿ ನಮ್ಮ ಫ್ಯಾಕ್ಟರಿಯಲ್ಲಿ ಲೇತ್ ಮುಂದೆ ದುಡಿದಳು, ನಾವು ತಪ್ಪು ಮಾಡಿದೆವು' — ಇದನ್ನು ಕಂಪನಿಯ ಬಾಯಿಂದಲೇ ಕೇಳಬೇಕು. ಆಗ ಜಪಾನಿನಿಂದ ವಾಪಸು ಬಂದ ಹೆಣ್ಣೆಂದರೆ ಸೈನಿಕರ ಕೈಗೆ ಸಿಕ್ಕು ಬಂದವಳು ಎಂದೇ ಜನರ ಲೆಕ್ಕ. ಅದಕ್ಕೇ ಮುಚ್ಚಿಟ್ಟು ಮದುವೆಯಾದಳು. ಅಜ್ಜನಿಗೆ ಯಾರೋ ಹೇಳಿದರು. ಇವಳು ಲೇತ್ ಎಂದಳು, ಬೇರಿಂಗ್ ಎಂದಳು. "ಎಲ್ರೂ ಹಂಗೇ ಹೇಳೋದು" ಅಂದನಂತೆ. ಆಮೇಲೆ ಸಾಯುವ ತನಕ ಅವಳ ಕಡೆ ಬೆನ್ನು ಮಾಡಿಯೇ ಊಟ ಮಾಡಿದ. ಹಾಸಿಗೆ ಹಿಡಿದಾಗ ತೊಳೆದು ಬಳಿದು ನೋಡಿಕೊಂಡವಳು ಇವಳೇ.

ಮಾರ್ಚ್ 27

ದೊಡ್ಡಪ್ಪ ಶೆಡ್ಡಿನ ಹತ್ತಿರವೇ ಟ್ಯಾಕ್ಸಿ ತಂದು ನಿಲ್ಲಿಸಿದ. ಒಳಗೆ ಕೂರಿಸಿಕೊಂಡ. ಮೀಟರ್ ಹಾಕಲಿಲ್ಲ, ಅದೇ ಆಶ್ಚರ್ಯ.

"ಡಾಕ್ಟ್ರು ಹೇಳಿದ್ದು ಕೇಳಿದ್ಯಲ್ಲ. ಅಮ್ಮನ ಎದೆಯಲ್ಲಿ ನೀರು. ಇನ್ನೆಷ್ಟು ದಿನ?"

ಕಿಟಕಿಯ ಗಾಜು ಏರಿಸಿ ಅವನೇ ಮುಂದುವರಿಸಿದ.

"ಕಂಪನಿಯೋರು ತಪ್ಪಾಯ್ತು ಅಂದ್ರು ಅಂತ ಒಂದು ಮಾತು ಹೇಳಿಬಿಡು. ನಾನು ಹೇಳಿದ್ರೆ ನಂಬಲ್ಲ. ನೀನು ಹೇಳಿದ್ರೆ ನಂಬ್ತಾಳೆ."

"ಅವ್ರು ಅಂದಿಲ್ವಲ್ಲ."

"ಅನ್ನೋದೂ ಇಲ್ಲ! ಇವಳು ಸಾಯ್ಲಿ ಅಂತಾನೇ ಕಾಯ್ತಿದಾರೆ. ಕಂಪನಿಗೆ ವಯಸ್ಸಾಗುತ್ತೇನೇ? ಅಮ್ಮ ನಗ್ತಾ ಹೋಗ್ಲಿ ಕಣೇ."

"ಮುದ್ರೆ ಒತ್ತಿ ಹೋಗ್ಲಿ ಅಂತ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಸ್ಟಿಯರಿಂಗ್ ಮೇಲೆ ತಲೆಯಿಟ್ಟ. "ಅದೂ ಹೌದು. ಆಸ್ಪತ್ರೆಗೆ ದುಡ್ಡು ಸುರಿದೋನು ನಾನು, ನಿಮ್ಮಪ್ಪ ಅಲ್ಲ. ಆದ್ರೆ ಅದೊಂದೇ ಅಲ್ಲ..."

ನಿಜವನ್ನೇ ಹೇಳುತ್ತಿದ್ದ. ಅದಕ್ಕೇ ಕಷ್ಟ.

ಏಪ್ರಿಲ್ 2

ಕಂಪನಿ ತಪ್ಪೊಪ್ಪಿಕೊಂಡಿತು ಎಂದು ದೊಡ್ಡಪ್ಪ ತಾನೇ ಹೇಳಿಬಿಟ್ಟಿದ್ದಾನೆ. ನಂಬಲ್ಲ ಅಂದಿದ್ದ, ಅಜ್ಜಿ ನಂಬಿದ್ದಾಳೆ. ನಾನು ಬರುವಷ್ಟರಲ್ಲಿ ಅಜ್ಜಿ ಹಾಸಿಗೆ ಬಿಟ್ಟು ಎದ್ದಿದ್ದಳು. ಪೆಟ್ಟಿಗೆಯಿಂದ ಹಬ್ಬಕ್ಕೆ ಉಡುವ ಹಸಿರು ಹನ್‌ಬೊಕ್ ತೆಗೆಸಿ ಬಿಸಿಲಿಗೆ ಹಾಕಿಸಿದ್ದಳು. ಗಂಜಿ ಪೂರ್ತಿ ಉಂಡಿದ್ದಳು.

"ಶುಕ್ರವಾರ ಹಿರೀಕರ ಹಬ್ಬ, ಗೋರಿಗೆ ಹುಲ್ಲು ಹೊಚ್ಚಕ್ಕೆ ಹೋಗ್ತೀವಲ್ಲ. ಅವತ್ತೇ ನಿಮ್ಮಜ್ಜನಿಗೆ ಹೇಳಿ, ಆಮೇಲೆ ಮುದ್ರೆ ಒತ್ತುತ್ತೀನಿ."

ನನ್ನನ್ನೇನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಅವಳ ಮುಖ ಹಾಗೆ ನೋಡಿದ್ದೇ ಇಲ್ಲ. ಬಾಯಿಬಿಡದಿದ್ದರೆ ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಂಬಿಕೆ ಬರುತ್ತಿಲ್ಲ.

ಏಪ್ರಿಲ್ 5, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಗೋರಿಯಿರುವ ಗುಡ್ಡದ ಮೇಲಕ್ಕೆ ದೊಡ್ಡಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದ. ಹುಲ್ಲು ಹೊಚ್ಚಿದೆವು. ಒಣಮೀನು, ಹಣ್ಣು ಇಟ್ಟು, ಅಕ್ಕಿ ಹೆಂಡ ಸುರಿದು ಅಡ್ಡಬಿದ್ದೆವು. ಅಜ್ಜಿ ಗೋರಿಯ ದಿಬ್ಬಕ್ಕೆ ಕೈಯಿಟ್ಟು ಕೂತಳು.

"ಕೇಳಿಸ್ತಾ? ಈಗ್ಲಾದ್ರೂ ಈ ಕಡೆ ತಿರುಗಿ." ಆಮೇಲೆ ನನ್ನನ್ನು ಕರೆದಳು. "ನಂಗೆ ಉಸಿರು ಸಾಲಲ್ಲ. ಕಂಪನಿಯೋರು ಏನಂದ್ರೋ ಅದನ್ನ ನೀನು ಹೇಳು. ಒಂದಕ್ಷರ ಬಿಡಬೇಡ."

ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದ. ಕೈ ಮುಗಿಯುವುದೊಂದು ಬಾಕಿ.

"ಅವ್ರು ಏನೂ ಅಂದಿಲ್ಲ ಅಜ್ಜಿ."

ಗಾಳಿ ಬೀಸುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

"ಅಮ್ಮ, ಇವಳ ಮಾತು ನಂಬಬೇಡ!" ದೊಡ್ಡಪ್ಪ ಕೂಗಿದ. "ಸ್ಕೂಲಿಗೇ ಹೋಗಲ್ಲ ಇವಳು! ವರ್ಷದಿಂದ ಬ್ಯಾಗ್ ಹಾಕ್ಕೊಂಡು ನಿನಗೆ ನಾಟಕ ಆಡ್ತಿದಾಳೆ. ಇವಳು ದೊಡ್ಡ ಸತ್ಯವಂತೆ!"

"ಅದೂ ನಿಜ," ಅಂದೆ.

ಅಜ್ಜಿ ನಮ್ಮಿಬ್ಬರನ್ನೂ ನೋಡಲಿಲ್ಲ. ಹನ್‌ಬೊಕ್‌ನ ಗಂಟು ಬಿಚ್ಚಲು ನೋಡಿದಳು. ಬೆರಳು ಸೋತವು. ಕೆಳಗಿಳಿಯುವಾಗ ದೊಡ್ಡಪ್ಪ ಅಳುತ್ತಿದ್ದ. ಬೆನ್ನ ಮೇಲೆ ಅವಳಿದ್ದಳು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಏಪ್ರಿಲ್ 6

ಅಜ್ಜಿ ಗೋಡೆ ಕಡೆ ಹೊರಳಿದ್ದಾಳೆ. ಗಂಜಿ ಮುಟ್ಟಲಿಲ್ಲ.

ಏಪ್ರಿಲ್ 8

ಹಾಗೇ. ಸತ್ಯ ಹೇಳಿ ಯಾರ ಹೊಟ್ಟೆ ತುಂಬಿಸಿದೆ ನಾನು?

ಏಪ್ರಿಲ್ 14, ಭಾನುವಾರ

ಕಾಲು ಒತ್ತುತ್ತಿದ್ದೆ. ಗೋಡೆ ನೋಡಿಕೊಂಡೇ ಕೇಳಿದಳು.

"ಸ್ಕೂಲಿಂದ ಯಾರು ಓಡ್ಸಿದ್ದು?"

"ಯಾರೂ ಇಲ್ಲ. ನಾನೇ ಬಿಟ್ಟೆ."

"ಬಾಗ್ಲು ತೆಗೆದಿತ್ತಾ?"

"ಹೂಂ."

"ಫ್ಯಾಕ್ಟರೀಲಿ ನಮಗೆ ಹೊರಗಡೆಯಿಂದ ಬೀಗ." ಗೋಡೆ ಬಿಟ್ಟು ನನ್ನ ಕಡೆ ಹೊರಳಿದಳು. "ಕತ್ತೆ. ಗಣಿತ ಅಂತೆ ಗಣಿತ. ಏನು ಗಣಿತ ಅಂತ ಕೇಳಿದ್ರೆ ಏನ್ ಮಾಡ್ತಿದ್ದೆ?"

"ಮಾಡೋಕ್ಕೇನಿತ್ತು, ಸಿಕ್ಕಿಬೀಳ್ತಿದ್ದೆ."

"ಗಂಜಿ ತಾ. ಉಪ್ಪು ಹಾಕು. ಮೊನ್ನೆದು ಬರೀ ನೀರು."

ಮೇ 20

ಆಸ್ಪತ್ರೆ. ಇಪ್ಪತ್ತು ದಿನದಿಂದ ಇಲ್ಲೇ. ರಾತ್ರಿ ದೊಡ್ಡಪ್ಪ, ಹಗಲು ನಾನು. ನಾವಿಬ್ಬರೂ ಮಾತಾಡುವುದಿಲ್ಲ. ನನಗೆ ಅನ್ನದ ಸುರುಳಿ ಕಿಂಬಪ್ ತಂದು ಕಿಟಕಿಯಲ್ಲಿಟ್ಟು ಹೋಗುತ್ತಾನೆ. ಸರ್ಕಾರದ ಆ ಸಂಸ್ಥೆಯವರು ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಅವನೇ ಎತ್ತಿದ. "ಅಮ್ಮ ಒಲ್ಲೆ ಅಂದಿದಾರೆ. ಮಲಗಿದಾರೆ, ಎಬ್ಬಿಸಲ್ಲ" ಅಂದ.

ಜೂನ್ 23, ಭಾನುವಾರ

ಈ ವಾರ ಕಂಪನಿಯ ಷೇರುದಾರರ ಸಭೆ. ಫ್ಯಾಕ್ಟರಿ ಇದ್ದ ಊರಿನ ಕೆಲವು ಮುದುಕರು ಒಂದೊಂದು ಷೇರು ಕೊಂಡಿಟ್ಟುಕೊಂಡಿದ್ದಾರೆ — ವರ್ಷಕ್ಕೊಮ್ಮೆ ಒಳಗೆ ಹೋಗಿ, ತಪ್ಪು ಯಾವಾಗ ಒಪ್ಪುತ್ತೀರಿ ಎಂದು ಕೇಳುವುದಕ್ಕೇ. ಜಪಾನಿಯರೇ. ಪ್ಯೋ ಅಕ್ಕ ಗೇಟಿನ ಹೊರಗೆ ನಿಲ್ಲುತ್ತಾಳೆ. ಈ ಸಲ ನನ್ನನ್ನೂ ಕಳಿಸಬೇಕೆಂದು ಅಜ್ಜಿಯೇ ಹೇಳಿದಳು. ಅವಳು ಏಳುವ ಸ್ಥಿತಿಯಲ್ಲಿಲ್ಲ.

ಬೇರೆ ಯಾರಾದರೂ ಹೋಗಲಿ, ನಾನು ಇಲ್ಲಿರುತ್ತೇನೆ ಎಂದೆ.

"ಬೇರೆಯೋರು ಹೋದ್ರೆ ನನ್ನ ಮುಖ ನೋಡಿ, ಹೇಳಿದ್ರು ಅಂದ್ಬಿಡ್ತಾರೆ. ನಿನಗೆ ಆ ಕರುಣೆ ಇಲ್ಲ." ನಗಲು ಹೋಗಿ ಕೆಮ್ಮಿದಳು. "ಹೇಳಿದ್ರೆ ಹೇಳಿದ್ರು ಅನ್ನು. ಹೇಳ್ದಿದ್ರೆ ಹೇಳ್ಲಿಲ್ಲ ಅನ್ನು."

"ನಾನು ಬರೋಷ್ಟರಲ್ಲಿ..."

"ಗುಡ್ಡದ ಮೇಲೆ ಬಂದು ಹೇಳು. ನಿಮ್ಮಜ್ಜನ ಪಕ್ಕದಲ್ಲೇ ತಾನೇ ನಂಗೂ ಜಾಗ. ಇಬ್ರಿಗೂ ಒಂದೇ ಸಲ ಕೇಳ್ಸತ್ತೆ."

ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ಹೊರಬರುವಾಗ ಶುಂಠಿ ಮಿಠಾಯಿಯ ಪೊಟ್ಟಣ ಕೊಟ್ಟ. "ಹಡಗಲ್ಲಿ ಹೊಟ್ಟೆ ತೊಳಸುತ್ತೆ." ಏಪ್ರಿಲ್ ಆದಮೇಲೆ ನನ್ನೊಡನೆ ಮೊದಲ ಮಾತು.

ಬೆಳಿಗ್ಗೆ ಬುಸಾನ್ ಬಸ್ಸು. ಅಲ್ಲಿಂದ ಜಪಾನಿಗೆ ಹಡಗು. ನಾಳೆ ಹೊರಡುತ್ತೇನೆ.