ಮುಕ್ತಾಳ ಜಾಮೀನು

ಖಿದಿರ್‌ಪುರ, ಕಲ್ಕತ್ತಾ
೧೮ ಜನವರಿ ೧೯೮೭, ಭಾನುವಾರ

ಸೌಭಾಗ್ಯವತಿ ಮುಕ್ತಾಳಿಗೆ,

ಹೆಂಡತಿಗೆ ಬರೆಯುವ ಕಾಗದದಲ್ಲಿ ಮೊದಲು ಆಶೀರ್ವಾದ ಹಾಕಬೇಕು ಅಂತ ನನ್ನ ಅಪ್ಪ ಕಲಿಸಿದ್ದರು. ಈ ಸಲ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಓದಿ ಮುಗಿಸಿದ ಮೇಲೂ ಬೇಕೆನಿಸಿದರೆ ತೆಗೆದುಕೋ. ನಾನು ಕ್ಷೇಮ. ಅಡುಗೆಯ ವೆಂಕಪ್ಪನೂ ಕ್ಷೇಮ, ಚಳಿಗೆ ಅವನ ಮಂಡಿನೋವು ಮಾತ್ರ ಜೋರಾಗಿದೆ. ಆದರೂ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ಕಲಸುತ್ತಾನೆ, ಯಾರು ತಿನ್ನುತ್ತಾರೆ ಅಂತ ಕೇಳುವುದಿಲ್ಲ.

ನಿನ್ನ ದೀಪಾವಳಿಯ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಮೂರು ಸಲ ಬರೆಯಲು ಕುಳಿತೆ. ಮೂರು ಸಲವೂ ‘ನಾನು ಕ್ಷೇಮ’ ಅಂತ ಬರೆದು ಕಿಟಕಿಯಾಚೆ ನೋಡುತ್ತ ಉಳಿದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಎಸ್ಪ್ಲನೇಡಿಗೆ ಅಂತ ಟ್ರಾಮ್ ಹತ್ತಿದವನು ಮೈದಾನದ ಮಂಜು ನೋಡುತ್ತ ಕುಳಿತು, ಅದೇ ಟ್ರಾಮಿನಲ್ಲಿ ಮತ್ತೆ ಖಿದಿರ್‌ಪುರಕ್ಕೆ ವಾಪಸು ಬಂದದ್ದೂ ಉಂಟು. ಕಂಡಕ್ಟರ್ ಎರಡನೇ ಟಿಕೇಟು ಹರಿದುಕೊಟ್ಟು ನಕ್ಕ.

ಈಗ ಇಲ್ಲಿ ಬೆಳಿಗ್ಗೆ ಒಂಬತ್ತಾದರೂ ಎದುರಿನ ಔಷಧಿ ಅಂಗಡಿ ಕಾಣುವುದಿಲ್ಲ. ಮೊದಲು ಟ್ರಾಮಿನ ಗಂಟೆ ಕೇಳುತ್ತದೆ, ಎಷ್ಟೋ ಹೊತ್ತಿನ ಮೇಲೆ ಟ್ರಾಮ್ ಬರುತ್ತದೆ. ಡಾಕಿನ ಕಡೆಯಿಂದ ಹಡಗು ಕೂಗುವುದು ಅಪರೂಪವಾಗಿದೆ. ದೊಡ್ಡವೆಲ್ಲ ಹಲ್ದಿಯಾ ಬಂದರಿಗೆ ಹೋಗುತ್ತವೆ, ಅವುಗಳ ಹಿಂದೆ ನಮ್ಮ ಗಿರಾಕಿಗಳೂ ಹೋದರು. ಮಧ್ಯಾಹ್ನ ಗಲ್ಲಾದಲ್ಲೇ ನನಗೆ ಕಣ್ಣು ಹತ್ತುತ್ತದೆ. ಒಂದೇ ಕನಸು ನಾಲ್ಕೈದು ಸಲ ಬಿತ್ತು, ಕೇಳು: ನಮ್ಮ ಹೋಟೆಲು ಬೀದಿಯಿಂದ ಮೆತ್ತಗೆ ಬಿಡಿಸಿಕೊಂಡು ನದಿಗೆ ಇಳಿಯುತ್ತದೆ. ಹನ್ನೆರಡು ಮೇಜೂ ತುಂಬಿರುತ್ತವೆ. ಖಲಾಸಿಗಳು, ಪೋರ್ಟಿನ ಗುಮಾಸ್ತರು, ಎಲ್ಲರೂ ಸದ್ದಿಲ್ಲದೆ ಇಡ್ಲಿ ತಿನ್ನುತ್ತಿರುತ್ತಾರೆ. ಹೊರಗೆ ದಡ ಜಾರಿಕೊಂಡು ಹೋಗುತ್ತಿರುತ್ತದೆ. ಯಾರೂ ಬಿಲ್ಲು ಕೇಳುವುದಿಲ್ಲ, ನಾನೂ ಕೊಡುವುದಿಲ್ಲ. ಎಷ್ಟು ಹಾಯೆನಿಸುತ್ತದೆ ಗೊತ್ತಾ! ಎಚ್ಚರವಾದಾಗ ಎದುರಿಗೆ ಬ್ಯಾಂಕಿನ ಗುಮಾಸ್ತ ನಿಂತಿರುತ್ತಾನೆ.

ಎಂಬತ್ತೊಂದರಲ್ಲಿ ಗ್ರೈಂಡರ್, ಫ್ರಿಜ್ಜು, ಅಮೃತಶಿಲೆಯ ಮೇಜು ಅಂತ ಆ ಸಹಕಾರಿ ಬ್ಯಾಂಕಿನಲ್ಲಿ ನಲವತ್ತು ಸಾವಿರ ತೆಗೆದೆನಲ್ಲ, ಅದು ಬಡ್ಡಿ ಸೇರಿ ತೊಂಬತ್ತೆರಡಾಗಿದೆ. ಕರೆಂಟು ಹೋದಾಗೆಲ್ಲ ಗ್ರೈಂಡರ್ ಸುಮ್ಮನೆ ಕೂರುತ್ತದೆ, ಬಡ್ಡಿ ಮಾತ್ರ ಕೂರುವುದಿಲ್ಲ. ಅಕ್ಕಿ ಅಂಗಡಿಯವರದ್ದು ಬೇರೆ ಹನ್ನೊಂದು ಸಾವಿರ. ಇದನ್ನೆಲ್ಲ ನಿನಗೆ ಇಷ್ಟು ದಿನ ಬರೆಯದೆ ‘ವ್ಯಾಪಾರ ಸಾಧಾರಣ’ ಅಂತ ಬರೆಯುತ್ತಿದ್ದೆ. ತಪ್ಪಾಯಿತು.

ಪ್ರತಿ ಗುರುವಾರ ಹೊಟ್ಟೆ ಸರಿಯಿಲ್ಲ ಅಂತ ಬಂದು ಆರು ಇಡ್ಲಿ ತಿನ್ನುವ ಹೈಕೋರ್ಟಿನ ವಕೀಲರು ಸಾನ್ಯಾಲ್ ಬಾಬು ನಿನಗೆ ನೆನಪಿರಬೇಕು. ಅವರೇ ಒಂದು ದಿನ ಗಲ್ಲಾದ ಹತ್ತಿರ ಬಗ್ಗಿ, “ರಘು ಬಾಬು, ಇನ್ನೂ ಎಷ್ಟು ದಿನ ಎಳೀತೀರಿ? ಲಾಲ್ ಬಾತಿ ಜ್ವಾಲಿಯೆ ದಿನ್” ಅಂದರು. ಕೆಂಪು ದೀಪ ಹಚ್ಚಿಬಿಡಿ ಅಂತ. ಬಂಗಾಳಿಯಲ್ಲಿ ದಿವಾಳಿ ಎದ್ದರೆ ಹಾಗೆ ಹೇಳುತ್ತಾರೆ. ನಮ್ಮ ವೆಂಕಪ್ಪ ಅಷ್ಟನ್ನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಾನೆ. ಮಾರನೇ ದಿನ ಸಂತೆಯಿಂದ ಬರುವಾಗ ಕೈಯಲ್ಲೊಂದು ಕೆಂಪು ಬಲ್ಬು! “ಎಲ್ಲಿ ಹಾಕುದು ರಾಯರೇ? ಬೋರ್ಡಿಗಾ, ದೇವರ ಫೋಟೊಕ್ಕಾ?” ಅಂತ ಕೇಳಿದ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಅರ್ಥ ಹೇಳಿದೆ. ಅವನು ಅಕ್ಕಿ ಮೂಟೆಯ ಮೇಲೆ ಕುಕ್ಕರಿಸಿದವನು, “ಮುಕ್ತಕ್ಕನಿಗೆ ಬರೆದ್ರಾ?” ಅಂದ. ಇಲ್ಲ ಅಂದೆ. “ಎಂಥ ಜನ ಮಾರಾಯ್ರೇ ನೀವು” ಅಂತ ಬೈದು ಎದ್ದು ಹೋದ.

ಸಾನ್ಯಾಲ್ ಬಾಬು ಹೇಳಿದ್ದು ಇಷ್ಟು. ಹೈಕೋರ್ಟಿಗೆ ದಿವಾಳಿ ಅರ್ಜಿ ಹಾಕುವುದು. ನನ್ನ ಹೆಸರಿನಲ್ಲಿ ಇರುವುದನ್ನೆಲ್ಲ ಕೋರ್ಟು ತೆಗೆದುಕೊಂಡು ಸಾಲ ಕೊಟ್ಟವರಿಗೆ ಹಂಚುತ್ತದೆ. ಗೆಜೆಟ್ಟಿನಲ್ಲಿ ಹೆಸರು ಅಚ್ಚಾಗುತ್ತದೆ. ಕೋರ್ಟು ಬಿಡುಗಡೆ ಕೊಡುವವರೆಗೆ ಯಾರ ಹತ್ತಿರವೂ ಸಾಲ ಎತ್ತುವ ಹಾಗಿಲ್ಲ. ಆಮೇಲೆ ತೀರದೆ ಉಳಿದದ್ದಕ್ಕೆ ಯಾರೂ ನನ್ನ ಬಾಗಿಲು ತಟ್ಟುವ ಹಾಗಿಲ್ಲ. ಈ ಕೊನೆಯ ಮಾತು ಕೇಳಿದಾಗ ನನಗೆ ಆದದ್ದು ನಾಚಿಕೆಯಲ್ಲ, ಮುಕ್ತಾ. ನಿದ್ದೆ ಬಂತು. ಹೈಕೋರ್ಟಿನ ವರಾಂಡದ ಬೆಂಚಿನ ಮೇಲೆ ಕುಳಿತೇ ಅರ್ಧ ಗಂಟೆ ಮಲಗಿದೆ. ಎದ್ದಾಗ ಮಂಜು ಹರಿದು ಬಿಸಿಲು ಬಿದ್ದಿತ್ತು, ನಾನು ಯಾರು ಅನ್ನುವುದೂ ಒಂದು ಕ್ಷಣ ನೆನಪಿರಲಿಲ್ಲ. ಅಷ್ಟು ಸುಖವಾಗಿತ್ತು.

ಲೇಕ್ ಗಾರ್ಡನ್ಸಿನ ನಂಜುಂಡಪ್ಪನವರಿಗೆ ಹೇಳಿದೆ, ಅದೇ ನಮ್ಮ ರೈಲ್ವೆ ಆಫೀಸಿನವರು. ಅವರು ಮೈಸೂರಿನ ಗತ್ತಿನಲ್ಲಿ ಕುರ್ಚಿಯಿಂದ ಎದ್ದೇ ನಿಂತರು. “ಏನ್ ಸ್ವಾಮಿ ಇದು, ಪಾಪರ್ ಚೀಟಿ ತಗೊಂಡು ಕನ್ನಡ ಸಂಘಕ್ಕೆ ಹ್ಯಾಗ್ ಬರ್ತೀರಿ? ನಾಟಕದ ದಿನ ಉಪ್ಪಿಟ್ಟು ಯಾರು ಮಾಡಿಸ್ತಾರೆ?” ಅಂದರು. ಅವರ ಎರಡು ಚಿಂತೆಯಲ್ಲಿ ಯಾವುದು ದೊಡ್ಡದು ಅಂತ ನನಗೆ ತಿಳಿಯಲಿಲ್ಲ. ಆದರೆ ಹೊರಡುವಾಗ ಪ್ರಾವಿಡೆಂಟ್ ಫಂಡಿನಿಂದ ಮೂರು ಸಾವಿರ ತೆಗೆದುಕೊಡುತ್ತೇನೆ ಅಂದರು. ಬೇಡವೆಂದೆ. ಆ ಮನುಷ್ಯನ ಹೆಸರನ್ನೂ ಸಾಲದ ಪಟ್ಟಿಗೆ ಸೇರಿಸುವುದು ನನಗೆ ಬೇಕಿರಲಿಲ್ಲ.

ಅರ್ಜಿ ಹಾಕಿಯೇಬಿಡುವುದು ಅಂತ ನಿಶ್ಚಯ ಮಾಡಿದ್ದೆ. ಆಗ ಸಾನ್ಯಾಲ್ ಬಾಬು, “ಅಂದಹಾಗೆ ಬ್ಯಾಂಕಿನ ಸಾಲಕ್ಕೆ ಜಾಮೀನು ಯಾರದ್ದು?” ಅಂತ ಕೇಳಿದರು. ಹೆಂಡತಿಯದ್ದು ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಸಾಲಗಾರ ದಿವಾಳಿಯಾಗಿ ಬಿಡುಗಡೆಯಾದರೂ ಜಾಮೀನು ನಿಂತವರು ಬಿಡುಗಡೆಯಾಗುವುದಿಲ್ಲವಂತೆ! ನಾನು ಇಲ್ಲಿ ಕೈ ತೊಳೆದುಕೊಂಡರೆ ಬ್ಯಾಂಕಿನವರು ನೆಟ್ಟಗೆ ಉಡುಪಿಗೆ ಬರುತ್ತಾರೆ. ನಿನ್ನಮ್ಮ ನಿನ್ನ ಹೆಸರಿಗೆ ಬರೆದುಕೊಟ್ಟ ಆ ಮೂರು ಕೋಣೆಯ ಮನೆಯನ್ನು ಹರಾಜಿಗೆ ಹಾಕಬಹುದು.

ಅಂದು ಮನೆಗೆ ನಡೆದೇ ಬಂದೆ, ದಾರಿ ನೆನಪಿಲ್ಲ. ಅಮ್ಮನನ್ನು ನೋಡಿಕೊಳ್ಳಬೇಕು ಅಂತ ನೀನು ಊರಿಗೆ ಹೋಗಿ ಮೂರು ವರ್ಷವಾಯಿತು. ಅವರು ತೀರಿಕೊಂಡೇ ಒಂದೂವರೆ ವರ್ಷ. ಮತ್ತೆ ಬರುತ್ತೀಯಾ ಅಂತ ನಾನು ಕೇಳಲಿಲ್ಲ, ನೀನೂ ಬರೆಯಲಿಲ್ಲ. ಕಾಗದಗಳಲ್ಲಿ ನೀನು ಬರೆಯುವುದು ಆ ಮನೆಯ ವಿಷಯವನ್ನೇ. ಬಾವಿಗೆ ಹೊಸ ಹಗ್ಗ ಹಾಕಿಸಿದ್ದು, ಹಿತ್ತಲ ಬಾಗಿಲಿಗೆ ಬಣ್ಣ ಹೊಡೆಸಿದ್ದು, ಜಗಲಿಯಲ್ಲಿ ಮಕ್ಕಳಿಗೆ ಹೊಲಿಗೆ ಹೇಳಿಕೊಡುವುದು. ನಿನಗೆ ಅಂತ ಇರುವುದು ಅದೊಂದೇ. ನನ್ನ ನಿದ್ದೆಗಾಗಿ ಅದನ್ನು ಕೊಡುವುದು ಸಾಧ್ಯವಿಲ್ಲ ಅನಿಸಿತು. ಮಾರನೇ ದಿನ ಸಾನ್ಯಾಲ್ ಬಾಬುಗೆ ಅರ್ಜಿ ಬೇಡ ಅಂತ ಹೇಳಿ ಕಳುಹಿಸಿದೆ. ತಿಂಗಳಿಗೆ ಆರುನೂರರ ಹಾಗೆ ಸಾಯುವವರೆಗೆ ಕಟ್ಟುವುದು, ಅಷ್ಟೇ. ಅದರಿಂದ ಬಡ್ಡಿಯೂ ತೀರುವುದಿಲ್ಲ ಅಂತ ಗೊತ್ತಿತ್ತು. ಆದರೂ ನಾನು ಬದುಕಿರುವಷ್ಟು ದಿನ ಅವರು ನಿನ್ನ ಬಾಗಿಲಿಗೆ ಬರುವುದಿಲ್ಲವಲ್ಲ.

ಆ ಮೇಲಿನ ಹದಿನೈದು ದಿನ ನಾನು ನೀರಿನೊಳಗೆ ನಡೆದಾಡಿದ ಹಾಗೆ ಇದ್ದೆ. ಸಕ್ಕರೆ ಕೇಳಿದವರಿಗೆ ಉಪ್ಪು ಕೊಟ್ಟೆ. ಪಕ್ಕದ ಮನೆಯ ಮಾಶಿಮಾ ಸಂಕ್ರಾಂತಿಯ ಸಿಹಿ ಪಿಠೆ ತಂದುಕೊಟ್ಟರೆ ಕಡುಬು ಅಂತ ತಿಳಿದು ಚಟ್ನಿಯಲ್ಲಿ ಅದ್ದಿ ತಿಂದೆ. ಆ ಮುದುಕಿ ಇನ್ನೂ ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ.

ನಾನು ಬೇಡ ಅಂದರೂ ಸಾನ್ಯಾಲ್ ಬಾಬು ಬಿಡುವ ಜನವಲ್ಲ. ಮೊನ್ನೆ ಗುರುವಾರ ಬ್ಯಾಂಕಿನಿಂದ ಜಾಮೀನು ಕಾಗದದ ನಕಲು ತೆಗೆಸಿಕೊಂಡು ಬಂದರು. ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ ಅದನ್ನು ಮೇಜಿನ ಮೇಲೆ ಹರಡಿದರು, ನಾನು ನೋಡಿದೆ. ಆ ಕಾಗದದಲ್ಲಿ ಒಂದು ದೋಷವಿದೆ, ಮುಕ್ತಾ. ಅದು ಜಾಮೀನೇ ಆಗುವುದಿಲ್ಲವಂತೆ. ಬ್ಯಾಂಕಿನವರು ನಿನ್ನನ್ನು ಒಂದು ಬಿಡಿಗಾಸೂ ಕೇಳುವ ಹಾಗಿಲ್ಲ, ಕೇಳಿದರೆ ಕೋರ್ಟಿನಲ್ಲಿ ತಾನೇ ನಿಂತು ವಾದಿಸುತ್ತೇನೆ ಅಂತ ಸಾನ್ಯಾಲ್ ಬಾಬು ಬರೆದುಕೊಟ್ಟಿದ್ದಾರೆ. ಅದನ್ನು ಇದರೊಂದಿಗೆ ಇಟ್ಟಿದ್ದೇನೆ, ಜೋಪಾನ ಮಾಡು.

ಹಾಗಾಗಿ ನಾಳೆ ಸೋಮವಾರ ಅರ್ಜಿಗೆ ಸಹಿ ಹಾಕುತ್ತೇನೆ. ಪಾಪರ್ ರಘುಪತಿ ಅಂತ ಕರೆಯುವವರು ಕರೆಯಲಿ. ಗ್ರೈಂಡರ್, ಮೇಜು, ಬೋರ್ಡು ಎಲ್ಲ ಹೋಗುತ್ತದೆ. ನಂಜುಂಡಪ್ಪನವರೇ ಕೊನೆಗೆ ಮನಸ್ಸು ಮಾಡಿ ರೈಲ್ವೆ ಕ್ಯಾಂಟೀನಿನಲ್ಲಿ ನನಗೂ ವೆಂಕಪ್ಪನಿಗೂ ಕೆಲಸ ಮಾತಾಡಿದ್ದಾರೆ. ಐವತ್ತೆಂಟನೇ ವಯಸ್ಸಿನಲ್ಲಿ ಸಂಬಳದ ಅಡುಗೆಯವನಾಗುತ್ತೇನೆ. ದುಃಖವಿಲ್ಲ ಅಂದರೆ ಸುಳ್ಳು. ನಿನ್ನೆ ಖಾಲಿ ಮೇಜುಗಳನ್ನು ಒಬ್ಬನೇ ಒರೆಸುತ್ತ ಅತ್ತೆ. ಆದರೆ ನಿನ್ನ ಮನೆ ನಿನ್ನದಾಗಿಯೇ ಉಳಿಯಿತು, ತಲೆಬಿಸಿ ಮಾಡಬೇಡ.

ಮುಂದಕ್ಕೆ ಹಾಕಿದ್ದ ಆಶೀರ್ವಾದ ಇಲ್ಲಿದೆ: ನಿನ್ನ ಬಾವಿ ಬತ್ತದಿರಲಿ, ನಿನ್ನ ಜಗಲಿಯಲ್ಲಿ ಮಕ್ಕಳ ಗಲಾಟೆ ಇರಲಿ, ನಿನಗೆ ಗಾಢವಾದ ನಿದ್ದೆ ಬರಲಿ.

ನಿನ್ನ,
ರಘುಪತಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ಕಾಗದದ ದೋಷ ಏನೆಂದು ನಿನಗೆ ಗೊತ್ತಿದೆ. ಎಂಬತ್ತೊಂದರ ಆ ಮಧ್ಯಾಹ್ನ ಹೋಟೆಲು ತುಂಬಿತ್ತು. ಬ್ಯಾಂಕಿನ ಆಫೀಸರು ದೋಸೆ ತಿನ್ನುತ್ತ ಕಾಯುತ್ತಿದ್ದರು. “ಎಂತದಿದು?” ಅಂತ ನೀನು ಕೇಳಿದೆ. “ಸುಮ್ಮನೆ ಒಂದು ಫಾರ್ಮು, ಕನ್ನಡದಲ್ಲೇ ಸಹಿ ಹಾಕು, ಬೇಗ” ಅಂದೆ. ನೀನು ಅದನ್ನು ಅಡುಗೆಮನೆಗೆ ಒಯ್ದೆ, ಮಡಿಸಿ ತಂದು ನನ್ನ ಕೈಗಿತ್ತು ಮತ್ತೆ ಒಳಗೆ ಹೋದೆ. ನಾನು ಬಿಡಿಸಿ ನೋಡದೆ ಆಫೀಸರಿಗೆ ದಾಟಿಸಿದೆ. ಅವರು ನೋಡಿ, “ಆಹಾ, ನಿಮ್ಮ ಮಾದ್ರಾಜಿ ಅಕ್ಷರ ಜಿಲೇಬಿ ಹಾಗೆ ಎಷ್ಟು ಗುಂಡಗಿದೆ!” ಅಂದರು. ನಾನೂ ನಕ್ಕೆ. ಮೊನ್ನೆ ಸಾನ್ಯಾಲ್ ಬಾಬು ಸಹಿಯ ಜಾಗದ ಮೇಲೆ ಬೆರಳಿಟ್ಟು, “ಹೆಸರು ಇಷ್ಟು ಉದ್ದವಾ?” ಅಂತ ಕೇಳಿದರು. ಅಲ್ಲಿ ನಿನ್ನ ಹೆಸರೇ ಇಲ್ಲ. ‘ನನಗೆ ಮನಸ್ಸಿಲ್ಲ. ಓದಿದ ಕೂಡಲೇ ಒಳಗೆ ಬನ್ನಿ’ ಅಂತ ಇದೆ. ಅರ್ಥ ಹೇಳಿದೆ. ಅವರು ಮೇಜು ಗುದ್ದಿ ಖುಷಿಪಟ್ಟರು. ಆರು ವರ್ಷ ಅದು ಬ್ಯಾಂಕಿನ ಬೀರುವಿನಲ್ಲಿತ್ತು, ಅಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಮುಕ್ತಾ ಮನಸ್ಸಿನಲ್ಲಿದ್ದದ್ದನ್ನು ಎಂದೂ ಹೇಳುವವಳಲ್ಲ ಅಂತ ವೆಂಕಪ್ಪನ ಹತ್ತಿರ, ನಂಜುಂಡಪ್ಪನವರ ಹತ್ತಿರ ಎಷ್ಟು ಸಲ ದೂರಿದ್ದೇನೋ ಲೆಕ್ಕವಿಲ್ಲ. ಆವತ್ತು ನೀನು ಒಳಗೆ ಎಷ್ಟು ಹೊತ್ತು ಕಾದೆ? ಅದೊಂದನ್ನು ಬರೆ.